ಚೈನಿಗೆ ಯಾವ ಎಣ್ಣೆ?

(ಸಿಕಂದರಾಬಾದಿನಲ್ಲಿ ನಡೆದ ನಮ್ಮ ಮಹಿಳಾ ವೇದಿಕೆಯ ಮಾಸಿಕ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಹೋದ ತಿಂಗಳು ಕಾರ್ಯದರ್ಶಿಯವರು ಫೋನ್ ಮಾಡಿ, "ಮುಂದಿನ ಕೂಟದಲ್ಲಿ ನೀವು ಇಪ್ಪತ್ತು ನಿಮಿಷ ಮಾತಾಡಬೇಕು, ವಿಷಯ ನಿಮ್ಮಿಷ್ಟ" ಅಂದರು. "ಬೈಕ್ ಚೈನಿಗೆ ಯಾವ ಎಣ್ಣೆ ಹಾಕಬೇಕು ಅಂತ ಮಾತಾಡ್ತೀನಿ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, "ತಲೆಗೆ ಯಾವ ಎಣ್ಣೆ ಅಂದ್ರಾ?" ಅಂತ ಕೇಳಿದರು. ಇಲ್ಲ ತಾಯಿ, ಚೈನಿಗೇ. ಇದಕ್ಕೂ ಮೊದಲು ಇಲ್ಲಿ ಮಂಡಿನೋವಿನ ಬಗ್ಗೆ, ಸಿರಿಧಾನ್ಯದ ಬಗ್ಗೆ, ಬ್ಯಾಂಕ್ ನಾಮಿನೇಷನ್ ಬಗ್ಗೆ ಒಳ್ಳೊಳ್ಳೆಯ ಮಾತು ಕೇಳಿದ್ದೇವೆ. ಇವತ್ತು ಒಂದು ದಿನ ಕೈಗೆ ಮಸಿ ಮಾಡಿಕೊಳ್ಳೋಣ.

ನಿಮ್ಮಲ್ಲಿ ಎಷ್ಟು ಜನ ಗಾಡಿ ಓಡಿಸುತ್ತೀರಿ, ಕೈ ಎತ್ತಿ. ನೋಡಿ, ಅರ್ಧಕ್ಕಿಂತ ಹೆಚ್ಚು. ಬಹುತೇಕ ಆಕ್ಟಿವಾ, ಜುಪಿಟರ್. ಅವುಗಳಲ್ಲಿ ಚೈನ್ ಇಲ್ಲ. ಮುಚ್ಚಿದ ಪೆಟ್ಟಿಗೆಯೊಳಗೆ ಒಂದು ರಬ್ಬರ್ ಬೆಲ್ಟ್ ಓಡುತ್ತದೆ. ಹಳೆಯ ಬಜಾಜ್ ಚೇತಕ್‌ನಲ್ಲೂ ಚೈನ್ ಇರಲಿಲ್ಲ, ಎಂಜಿನ್ ಗೇರುಗಳ ಮೂಲಕ ನೇರವಾಗಿ ಚಕ್ರ ತಿರುಗಿಸುತ್ತಿತ್ತು. ಹಾಗಾಗಿ ನಮಗೆ ಚೈನಿನ ಉಸಾಬರಿಯೇ ಬಂದಿಲ್ಲ. ಆದರೆ ಮನೆಯಲ್ಲಿ ಗಂಡಸರ ಬೈಕ್ ಒಂದಾದರೂ ಇದ್ದೇ ಇರುತ್ತದೆ. ನಾವು ಅದರ ಹಿಂದೆ ಕೂರುತ್ತೇವೆ, ಅದೂ ಸೀರೆಯುಟ್ಟರೆ ಎಡಕ್ಕೆ ಕಾಲು ಇಳಿಬಿಟ್ಟು. ಹೆಚ್ಚಿನ ಬೈಕ್‌ಗಳಲ್ಲಿ ಚೈನ್ ಇರುವುದೂ ಎಡಗಡೆಗೇ, ಸೈಲೆನ್ಸರ್ ಬಲಕ್ಕೆ. ಅಂದರೆ ನಮ್ಮ ನೆರಿಗೆಗೂ ಚೈನಿಗೂ ನಡುವೆ ಒಂದು ತಗಡು, ಒಂದು ಕಂಬಿಯ ಜಾಲರಿ ಅಷ್ಟೇ. ಆ ಜಾಲರಿಯೂ ಕಂಪನಿಯವರ ಔದಾರ್ಯವಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದಲ್ಲಿ ಬರೆದಿದೆ: ಹಿಂದೆ ಕೂತವರಿಗೆ ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಜಾಗ, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಭಾಗ ಮುಚ್ಚುವ ಒಂದು ರಕ್ಷಣೆ, ಮೂರೂ ಇರಲೇಬೇಕು. ಹುಡುಗರು ಅಂದ ಕೆಡುತ್ತದೆ ಅಂತ ಅದನ್ನು ಬಿಚ್ಚಿ ಅಟ್ಟಕ್ಕೆ ಎಸೆಯುತ್ತಾರೆ. ನಿಮ್ಮ ಮನೆಯಲ್ಲಿ ಬಿಚ್ಚಿದ್ದರೆ ಇವತ್ತೇ ಹಾಕಿಸಿ.

ನನಗೆ ಈ ವಿಷಯ ಹತ್ತಿದ್ದು ಹೇಗೆ ಅಂತ ಹೇಳಿಬಿಡುತ್ತೇನೆ. ಅದನ್ನು ಹೇಳದೆ ಬರೀ ಎಣ್ಣೆಯ ಬಗ್ಗೆ ಮಾತಾಡಿದರೆ ಅರ್ಧ ಮಾತಾಗುತ್ತದೆ.

2016ರ ನವೆಂಬರ್. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಮಗನ ಬೈಕಿನಲ್ಲಿ ಹೊರಟಿದ್ದೆ. ಅವನಿಗೆ ಆಗ ಇಪ್ಪತ್ತು ವರ್ಷ, ಎಂಜಿನಿಯರಿಂಗ್ ಮೂರನೇ ವರ್ಷ. ನಾನು ಉಟ್ಟಿದ್ದು ಮೈಸೂರು ರೇಷ್ಮೆ, ತಿಳಿ ಬಾದಾಮಿ ಬಣ್ಣ. ಹಿಂದಿನ ದಿನವಷ್ಟೇ ಅವನು ನಮ್ಮ ಬೀದಿಯ ಮೆಕ್ಯಾನಿಕ್ ಹತ್ತಿರ ಬಿಸ್ಲೇರಿ ಬಾಟಲಿಯಲ್ಲಿ ಎಂಜಿನ್ನಿಂದ ತೆಗೆದ ಹಳೆಯ ಕರಿ ಎಣ್ಣೆ ತಂದು ಚೈನಿಗೆ ಸುರಿದಿದ್ದ. ಪುಕ್ಕಟೆ ಎಣ್ಣೆ. ಸಭಾಂಗಣದಲ್ಲಿ ಇಳಿದು ನೋಡಿದರೆ ಸೀರೆಯ ಅಂಚಿನಿಂದ ಮೊಳಕಾಲಿನವರೆಗೆ ಸಾಸಿವೆ ಸಿಡಿದಂತೆ ಕಪ್ಪು ಚುಕ್ಕೆ. ಅವತ್ತು ಇಡೀ ಸಂಜೆ ಸೆರಗನ್ನು ಮುಂದೆ ಇಳಿಬಿಟ್ಟುಕೊಂಡೇ ಕೂತೆ. ಮನೆಗೆ ಬಂದು ಅವನಿಗೆ ಸರಿಯಾಗಿ ಬೈದೆ. "ಭಾನುವಾರ ಕೂತು ಅದನ್ನು ಒರೆಸು. ಎಂಜಿನ್ ಚಾಲೂ ಮಾಡಿ, ಗೇರಿಗೆ ಹಾಕಿ, ಬಟ್ಟೆ ಹಿಡಿದರೆ ಎರಡು ನಿಮಿಷದ ಕೆಲಸ, ಆ ಮೆಕ್ಯಾನಿಕ್ ಹುಡುಗ ಮಾಡೋದು ನೋಡಿಲ್ವಾ?" ಅಂದೆ.

ಹೌದು, ಹೇಳಿಕೊಟ್ಟವಳು ನಾನೇ.

ಭಾನುವಾರ ಅವನು ಹಾಗೇ ಮಾಡಿದ. ಬೈಕನ್ನು ನಡುವಿನ ಸ್ಟ್ಯಾಂಡಿಗೆ ಎತ್ತಿ ನಿಲ್ಲಿಸಿ, ಎಂಜಿನ್ ಚಾಲೂ, ಮೊದಲನೇ ಗೇರು. ಹಿಂದಿನ ಚಕ್ರ ನಿಧಾನಕ್ಕೆ ತಿರುಗುತ್ತಿದೆ. ಎಡಗೈಯಲ್ಲಿ ಹಳೆಯ ಬನಿಯನ್ ಚೂರು. ಬಟ್ಟೆಯ ತುದಿ ಚೈನಿಗೆ ಸಿಕ್ಕಿತು, ಚೈನ್ ಹಲ್ಲುಚಕ್ರಕ್ಕೆ ಎಳೆದುಕೊಂಡಿತು, ಜೊತೆಗೆ ಬೆರಳನ್ನೂ. ಆಮೇಲೆ ಕೂತು ಲೆಕ್ಕ ಹಾಕಿದ್ದೇನೆ. ಎಂಜಿನ್ ಸುಮ್ಮನೆ ಓಡುತ್ತಿರುವಾಗ ಮೊದಲನೇ ಗೇರಿನಲ್ಲಿ ಇಂಥ ಬೈಕಿನ ಚೈನ್ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಸಾಗುತ್ತದೆ. ನೋಡಲು ನಿಧಾನ ಅನ್ನಿಸುತ್ತದೆ. ಬೆರಳಿನ ಉದ್ದ ಏಳೆಂಟು ಸೆಂಟಿಮೀಟರ್. ಕೈ ಹಿಂದಕ್ಕೆ ಎಳೆಯಬೇಕು ಅಂತ ತಲೆಗೆ ಹೊಳೆಯುವ ಮೊದಲೇ ಎಲ್ಲ ಮುಗಿದಿರುತ್ತದೆ.

ನಡುಬೆರಳಿನ ತುದಿ, ಉಗುರಿನ ಬುಡದವರೆಗೆ ಹೋಯಿತು. ನಾನು ಅದನ್ನು ಎತ್ತಿಕೊಂಡು, ಫ್ರಿಜ್ಜಿನ ಐಸ್ ಮೇಲೆ ನೇರವಾಗಿ ಇಟ್ಟು ಆಸ್ಪತ್ರೆಗೆ ಓಡಿದೆ. ಹಾಗೆ ಇಡಬಾರದಂತೆ. ಇದನ್ನು ದಯವಿಟ್ಟು ಎಲ್ಲರೂ ನೆನಪಿಟ್ಟುಕೊಳ್ಳಿ, ಚೈನೇ ಆಗಲಿ ಮಿಕ್ಸಿಯೇ ಆಗಲಿ. ತುಂಡಾದ ಭಾಗವನ್ನು ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸ್ ಬೆರೆಸಿದ ನೀರಿನಲ್ಲಿ ಇಡಬೇಕು. ಐಸ್ ನೇರವಾಗಿ ತಗುಲಿದರೆ ಚರ್ಮ, ನರ ಎಲ್ಲ ಹೆಪ್ಪುಗಟ್ಟಿ ಕೆಡುತ್ತವೆ. ಗಾಯವನ್ನು ಒತ್ತಿ ಹಿಡಿದು ಕೈ ಎತ್ತರಕ್ಕೆ ಇಟ್ಟುಕೊಳ್ಳಬೇಕು. ಇದು ಜಜ್ಜಿ ಹೋಗಿದ್ದರಿಂದ ಹೇಗಿದ್ದರೂ ಜೋಡಿಸಲು ಆಗುತ್ತಿರಲಿಲ್ಲ ಅಂದರು ವೈದ್ಯರು. ನನ್ನ ಮುಖ ನೋಡಿ ಹೇಳಿದರೋ, ನಿಜವೋ, ನಾನು ಮತ್ತೆ ಕೇಳಲಿಲ್ಲ.

ಮಗ ಈಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ, ಚೆನ್ನಾಗಿದ್ದಾನೆ. ಟೈಪ್ ಮಾಡುವಾಗ ಆ ಒಂದು ಬೆರಳು ಮಾತ್ರ ಮೇಲಕ್ಕೆ ಎತ್ತಿಕೊಂಡಿರುತ್ತದೆ. ಬೈಕ್ ಇಲ್ಲೇ ಉಳಿಯಿತು. ಈಗ ಅದನ್ನು ಮಗಳು ಓಡಿಸುತ್ತಾಳೆ, ಮಲ್ಕಾಜ್‌ಗಿರಿಯಿಂದ ಮಾದಾಪುರಕ್ಕೆ, ಹೋಗಿಬರಲು ದಿನಕ್ಕೆ ಸುಮಾರು 50 ಕಿ.ಮೀ. ಅವಳು ಬೈಕ್ ಬೇಕು ಅಂದಾಗ ನಾನು ಒಂದೇ ಷರತ್ತು ಹಾಕಿದೆ: ಚೈನ್ ನನ್ನ ಪಾಲು. ಅಲ್ಲಿಂದ ನನ್ನ ಓದು ಶುರುವಾಯಿತು.

ಮೊದಲು ಹೋದದ್ದು ರಾಣಿಗಂಜ್‌ಗೆ. ನಮ್ಮ ಸಿಕಂದರಾಬಾದಿನವರಿಗೆ ರಾಣಿಗಂಜ್ ಗೊತ್ತೇ ಇದೆ. ಬೇರಿಂಗು, ನಟ್ಟು ಬೋಲ್ಟು, ಪಂಪು, ಬಿಡಿಭಾಗ, ಎಣ್ಣೆ, ಗ್ರೀಸು, ಎಲ್ಲ ಅಲ್ಲೇ. ಅಂಗಡಿಯಲ್ಲಿ ನಿಂತು "ಚೈನಿಗೆ ಎಲ್ಲಕ್ಕಿಂತ ಒಳ್ಳೆ ಎಣ್ಣೆ ಕೊಡಿ" ಅಂದೆ. ಅಲ್ಲಿದ್ದ ವಯಸ್ಸಾದವರು ತಲೆ ಎತ್ತದೆ ಕೇಳಿದರು: "ಏ ಬಂಡಿ ಅಮ್ಮಾ?" ಯಾವ ಗಾಡಿ ಅಂತ. ನನಗೆ ಸ್ವಲ್ಪ ಸಿಟ್ಟು ಬಂತು, ಎಣ್ಣೆ ಕೊಡಲಿಕ್ಕೆ ಗಾಡಿ ಹೆಸರು ಯಾಕೆ ಅಂತ. ಆಮೇಲೆ ಗೊತ್ತಾಯಿತು, ಅವರು ಕೇಳಿದ್ದೇ ಸರಿಯಾದ ಪ್ರಶ್ನೆ. ಎಣ್ಣೆಗಿಂತ ಮೊದಲು ತಿಳಿಯಬೇಕಾದ್ದು ಚೈನ್ ಯಾವ ಜಾತಿಯದು ಅಂತ. ಅದಕ್ಕೆ ಬರುತ್ತೇನೆ.

ಬಂಡಿ ಅಂದಾಗ ನನಗೆ ನೆನಪಾದದ್ದು ಎತ್ತಿನ ಬಂಡಿ. ನಮ್ಮ ಅಜ್ಜನ ಊರಿನಲ್ಲಿ ಗಾಡಿಯ ಅಡಿಯಲ್ಲಿ ಒಂದು ಬಿದಿರಿನ ಗೊಟ್ಟ ನೇತಾಡುತ್ತಿತ್ತು. ಅದರೊಳಗೆ ಕೀಲೆಣ್ಣೆ: ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿದ್ದು. ದಾರಿಯಲ್ಲಿ ಗಾಲಿ ಕಿರುಗುಟ್ಟಿದರೆ ಇಳಿದು ಅಚ್ಚಿಗೆ ಬಳಿಯುತ್ತಿದ್ದರು. ಹರಳೆಣ್ಣೆ ಅಂದರೆ ಸಾಮಾನ್ಯವಲ್ಲ. ಬ್ರಿಟನ್ನಿನ ವೇಕ್‌ಫೀಲ್ಡ್ ಕಂಪನಿ 1909ರಲ್ಲಿ ಎಂಜಿನ್ನುಗಳಿಗೆ ಹೊಸ ಎಣ್ಣೆ ತಂದಾಗ ಅದರಲ್ಲಿ ಹರಳೆಣ್ಣೆ ಬೆರೆಸಿತ್ತು. ಕ್ಯಾಸ್ಟರ್ ಎಣ್ಣೆಯಿಂದ ಕ್ಯಾಸ್ಟ್ರಾಲ್ ಅನ್ನುವ ಹೆಸರು ಬಂತು. ನಮ್ಮ ರಾಜೇಂದ್ರನಗರದ ಎಣ್ಣೆಕಾಳು ಸಂಶೋಧನಾ ಸಂಸ್ಥೆಯಲ್ಲಿ ಇವತ್ತಿಗೂ ಹರಳಿನ ಮೇಲೆ ಸಂಶೋಧನೆ ನಡೆಯುತ್ತದೆ.

ಹಾಗಾದರೆ ಮನೆಯಲ್ಲಿರುವ ಹರಳೆಣ್ಣೆಯನ್ನೇ ಚೈನಿಗೆ ಹಾಕಬಾರದೇ? ಕೊಬ್ಬರಿ ಎಣ್ಣೆ? ಮಿಕ್ಕಿದ ಕರಿದ ಎಣ್ಣೆ? ಈ ಪ್ರಶ್ನೆ ನನಗೂ ಬಂದಿತ್ತು. ಉತ್ತರ ನಿಮ್ಮ ಅಡುಗೆಮನೆಯಲ್ಲೇ ಇದೆ. ಒಲೆಯ ಮೇಲಿನ ಕಪಾಟಿನ ನೆತ್ತಿಯ ಮೇಲೆ ಕೈಯಾಡಿಸಿ ನೋಡಿ. ಹಳದಿ ಅಂಟು, ಅದರಲ್ಲಿ ಧೂಳು. ಸೋಪು ಹಾಕಿ ಉಜ್ಜಿದರೂ ಬಿಡುವುದಿಲ್ಲ. ಒಂದು ಕಾಲದಲ್ಲಿ ಅದು ಒಗ್ಗರಣೆಯ ಹೊಗೆಯಲ್ಲಿ ಏರಿದ ಒಳ್ಳೆಯ ಎಣ್ಣೆಯೇ. ಕಾಳಿನ ಎಣ್ಣೆ ಗಾಳಿ, ಬಿಸಿಗೆ ತೆಳುವಾಗಿ ಹರಡಿಕೊಂಡು ಕೂತರೆ ಗಾಳಿಯ ಆಮ್ಲಜನಕ ಸೇರಿ ನಿಧಾನಕ್ಕೆ ಗೋಂದಾಗುತ್ತದೆ. ಚೈನಿನ ಮೇಲೂ ಅದೇ ಆಗುತ್ತದೆ. ಕೊಬ್ಬರಿ ಎಣ್ಣೆ ಅಷ್ಟು ಬೇಗ ಗೋಂದಾಗದು, ಆದರೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಿಗ್ಗೆ ನಮ್ಮ ಬಾಟಲಿಯಲ್ಲಿ ನೋಡಿಲ್ಲವೇ? ಎತ್ತಿನ ಗಾಡಿಗೆ ದಿನದಿನವೂ ಹೊಸದಾಗಿ ಬಳಿಯುತ್ತಿದ್ದರು, ಅದರ ವೇಗವೂ ಎತ್ತಿನ ನಡಿಗೆ. ಹಾಗಾಗಿ ಅಡುಗೆಮನೆಯ ಎಣ್ಣೆ ಅಡುಗೆಮನೆಯಲ್ಲೇ ಇರಲಿ.

ಈಗ ಚೈನಿನೊಳಗೆ ಏನಿದೆ ನೋಡೋಣ. ಕತ್ತಿನ ಸರದ ಕೊಂಡಿಯಂತೆ ಬರೀ ಬಳೆಗಳ ಸಾಲಲ್ಲ ಇದು. ಎರಡು ಪಟ್ಟಿಗಳ ನಡುವೆ ಒಂದು ಉಕ್ಕಿನ ಮೊಳೆ, ಅದರ ಮೇಲೆ ಸಣ್ಣ ಕೊಳವೆ, ಕೊಳವೆಯ ಮೇಲೆ ತಿರುಗುವ ಉರುಳೆ. ಈ ಮಾದರಿಗೆ 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹಾನ್ಸ್ ರೆನಾಲ್ಡ್ ಅನ್ನುವವರು ಪೇಟೆಂಟ್ ಪಡೆದರು. ಸೈಕಲ್ಲು, ಬೈಕು ಎಲ್ಲದರಲ್ಲೂ ಇಂದಿಗೂ ಅದೇ. ಉರುಳೆ ಹೊರಗೆ ಕಾಣುತ್ತದೆ. ಸವೆಯುವುದು ಹೊರಗೆ ಕಾಣದ ಜಾಗ, ಮೊಳೆಗೂ ಕೊಳವೆಗೂ ನಡುವೆ. "ಚೈನ್ ಎಳೆದುಕೊಂಡು ಉದ್ದ ಆಗಿದೆ" ಅಂತಾರಲ್ಲ, ಉಕ್ಕು ರಬ್ಬರಿನಂತೆ ಹಿಗ್ಗುವುದಿಲ್ಲ. ನಮ್ಮ ಸಾಮಾನ್ಯ ಬೈಕಿನ ಚೈನಿನಲ್ಲಿ ಒಂದು ಕೊಂಡಿ 12.7 ಮಿ.ಮೀ., ಅಂದರೆ ಅರ್ಧ ಇಂಚು. ಅಂಥವು ನೂರಿಪ್ಪತ್ತು ಅಂದುಕೊಳ್ಳಿ. ಒಂದೊಂದು ಮೊಳೆಯ ಜಾಗದಲ್ಲೂ ಹತ್ತನೇ ಒಂದು ಮಿ.ಮೀ. ಸವೆದರೆ ಸಾಕು, ಒಟ್ಟು 12 ಮಿ.ಮೀ. ಆಯಿತು, ಚೈನ್ ಹೆಚ್ಚುಕಡಿಮೆ ಒಂದು ಕೊಂಡಿಯಷ್ಟು ಉದ್ದವಾಯಿತು. ಆಗ ಅದು ಹಲ್ಲುಚಕ್ರದ ಹಲ್ಲಿಗೆ ಸರಿಯಾಗಿ ಕೂರುವುದಿಲ್ಲ, ಹಲ್ಲು ಕೊಕ್ಕೆಯಂತೆ ಬಾಗುತ್ತದೆ, ಕೊನೆಗೆ ಚೈನ್ ಕಳಚುತ್ತದೆ ಇಲ್ಲವೇ ತುಂಡಾಗುತ್ತದೆ. ಓಡುವಾಗ ಕಳಚಿ ಚಕ್ರಕ್ಕೆ ಸುತ್ತಿಕೊಂಡರೆ ಹಿಂದಿನ ಚಕ್ರ ನಿಂತೇಬಿಡುತ್ತದೆ. ಔಟರ್ ರಿಂಗ್ ರಸ್ತೆಯಲ್ಲಿ ಹಾಗಾದರೆ ಏನು ಅಂತ ಹೇಳುವುದು ಬೇಡ.

ಎಣ್ಣೆ ತಲುಪಬೇಕಾದ್ದು ಆ ಒಳಗಿನ ಜಾಗಕ್ಕೆ. ಇಷ್ಟು ತಿಳಿದರೆ ಅರ್ಧ ಆಯ್ಕೆ ತಾನಾಗಿಯೇ ಆಗಿಹೋಗುತ್ತದೆ.

ಚೈನಿನಲ್ಲಿ ಎರಡು ಜಾತಿ. ಒಂದು ಸಾದಾ ಚೈನ್; ಅದರ ಮೊಳೆಗೆ ಎಣ್ಣೆ ಹೊರಗಿನಿಂದಲೇ ಇಳಿಯಬೇಕು. ಇನ್ನೊಂದು ಓ-ರಿಂಗ್ ಚೈನ್. ಪಟ್ಟಿಗಳ ನಡುವೆ ಕಣ್ಣಿಟ್ಟು ನೋಡಿ, ಕುಕ್ಕರಿನ ಗ್ಯಾಸ್ಕೆಟ್‌ನ ಮೊಮ್ಮಗುವಿನಂಥ ಸಣ್ಣ ಕರಿ ರಬ್ಬರ್ ಬಳೆ ಕಾಣುತ್ತದೆ. ಕಾರ್ಖಾನೆಯಲ್ಲೇ ಮೊಳೆಗೆ ಗ್ರೀಸ್ ತುಂಬಿ ಆ ಬಳೆಯಿಂದ ಬಾಯಿ ಮುಚ್ಚಿರುತ್ತಾರೆ. ದೊಡ್ಡ ಬೈಕ್‌ಗಳಲ್ಲಿ ಇದೇ ಹೆಚ್ಚು. ಇಂಥ ಚೈನಿಗೆ ನಾವು ಹಾಕುವ ಎಣ್ಣೆ ಒಳಗೆ ಹೋಗುವುದೇ ಇಲ್ಲ, ಹೋಗಬೇಕಾಗಿಯೂ ಇಲ್ಲ. ಅದು ರಬ್ಬರ್ ಬಳೆಯನ್ನು ಒಣಗದಂತೆ ಮೆತ್ತಗಿಡಬೇಕು, ಉರುಳೆಯನ್ನು ಜಾರಿಸಬೇಕು, ತುಕ್ಕು ತಡೆಯಬೇಕು. ಬಳೆ ಬಿರಿದರೆ ಒಳಗಿನ ಗ್ರೀಸ್ ಹೋಯಿತು, ಚೈನೂ ಹೋಯಿತು. ಆದ್ದರಿಂದ ಇದನ್ನು ಪೆಟ್ರೋಲಿನಿಂದ ತೊಳೆಯಬಾರದು, ತಂತಿ ಬ್ರಷ್ಷಿನಿಂದ ಉಜ್ಜಬಾರದು, ವಾಟರ್ ಸರ್ವೀಸಿನವರು ಪೈಪಿನಿಂದ ಜೋರಾಗಿ ನೀರು ಹೊಡೆಯುವಾಗ ಚೈನಿನ ಮೇಲೆ ಹೊಡೆಯಲು ಬಿಡಬಾರದು.

ಮೂರನೆಯ ಜಾತಿಯೂ ಒಂದಿತ್ತು ಅನ್ನಬಹುದು. ನಾನು ಮೈಸೂರಿನವಳು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಬೈಕ್‌ಗಳು ಹೊರಬರತೊಡಗಿದವು, 1996ರಲ್ಲಿ ಅದು ಮುಚ್ಚಿತು. ನಮ್ಮಪ್ಪನ ಹತ್ತಿರ ಒಂದು ಜಾವಾ ಇತ್ತು. ಅದರ ಚೈನ್ ಪೂರ್ತಿಯಾಗಿ ತಗಡಿನ ಡಬ್ಬಿಯೊಳಗೆ. ನಮ್ಮಮ್ಮ ಹದಿನೈದು ವರ್ಷ ಅದರ ಹಿಂದೆ ಕೂತರೂ ಒಂದು ಸೀರೆಗೂ ಚುಕ್ಕೆಯಾಗಲಿಲ್ಲ. ಮಳೆ ಧೂಳು ಒಳಗೆ ಹೋಗದು, ಎಣ್ಣೆ ಹೊರಗೆ ಬಾರದು. ಈಗಲೂ ಸ್ಪ್ಲೆಂಡರ್‌ನಂಥ ದಿನಬಳಕೆಯ ಬೈಕ್‌ಗಳಲ್ಲಿ ಹಾಗೆ ಮುಚ್ಚಿದ ಕವರ್ ಇದೆ. ಫ್ಯಾಷನ್ ಬೈಕ್‌ಗಳಲ್ಲಿ ಚೈನ್ ಬತ್ತಲೆ. ನನ್ನನ್ನು ಕೇಳಿದರೆ ಇದು ಹಿಂದಕ್ಕೆ ಇಟ್ಟ ಹೆಜ್ಜೆ, ಆದರೆ ನನ್ನನ್ನು ಯಾರು ಕೇಳುತ್ತಾರೆ.

ಸರಿ, ಎಣ್ಣೆಗೆ ಬರೋಣ.

ಹಳೆಯ ಎಂಜಿನ್ ಆಯಿಲ್ ಮೊದಲ ಸಾಲಿನಲ್ಲೇ ಹೊರಗೆ. ಅದನ್ನು ಎಂಜಿನ್ನಿಂದ ತೆಗೆದದ್ದೇ ಕೆಟ್ಟಿದೆ ಅಂತ. ಅದರಲ್ಲಿ ಸವೆದ ಲೋಹದ ಪುಡಿ, ಮಸಿ, ಆಮ್ಲ ಎಲ್ಲ ಇರುತ್ತದೆ. ಪಾತ್ರೆ ತೊಳೆದ ನೀರಲ್ಲಿ ಮತ್ತೆ ಪಾತ್ರೆ ತೊಳೆದಂತೆ. ಜೊತೆಗೆ ತೆಳುವಾಗಿ ಸಿಡಿಯುತ್ತದೆ. ಸಿಡಿದದ್ದು ನನ್ನ ಸೀರೆಗೆ ಬಿತ್ತು, ಸದ್ಯ. ಟೈರಿಗೆ ಬಿದ್ದಿದ್ದರೆ ತಿರುವಿನಲ್ಲಿ ಇಬ್ಬರೂ ಜಾರುತ್ತಿದ್ದೆವು.

ಗ್ರೀಸ್. ಹಳೆಯ ಕಾಲದವರಿಗೆ ಇದರ ಮೇಲೆ ಬಹಳ ನಂಬಿಕೆ. ಗ್ರೀಸ್ ಗಟ್ಟಿ, ಮೊಳೆಯ ಸಂದಿಗೆ ಇಳಿಯುವುದಿಲ್ಲ, ಹೊರಗೆ ಮೆತ್ತಿಕೊಂಡು ನಮ್ಮ ಹೈದರಾಬಾದಿನ ಕಲ್ಲುಪುಡಿ ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಗ್ರೀಸು ಮತ್ತು ಕಲ್ಲುಪುಡಿ ಸೇರಿದರೆ ಅದು ಅರೆಯುವ ಮಸಾಲೆ. ಹೊರಗೆ ನೋಡಲು ಚೈನ್ ತೊಯ್ದು ತೊಪ್ಪೆಯಾಗಿರುತ್ತದೆ, ಒಳಗೆ ಒಣಗಿರುತ್ತದೆ.

ಡಬ್ಲ್ಯೂಡಿ-40. ನೀಲಿ ಹಳದಿ ಡಬ್ಬಿ, ಎಲ್ಲರ ಮನೆಯಲ್ಲೂ ಇದೆ, ಬಾಗಿಲ ಕೀಲಿಗೆ ನಾನೂ ಹಾಕುತ್ತೇನೆ. 1953ರಲ್ಲಿ ಅಮೆರಿಕದಲ್ಲಿ ಅದನ್ನು ತಯಾರಿಸಿದ್ದು ಲೋಹದಿಂದ ನೀರನ್ನು ಓಡಿಸಲಿಕ್ಕೆ. ನಲವತ್ತನೇ ಪ್ರಯತ್ನದಲ್ಲಿ ಸಿಕ್ಕ ಸೂತ್ರ ಅಂತ ಆ ಹೆಸರು. ಚೈನ್ ಒದ್ದೆಯಾದಾಗ ನೀರು ಓಡಿಸಲು, ಕೊಳೆ ಸಡಿಲಿಸಲು ಸರಿ. ಅದೇ ಕೊನೆ ಅಂತ ಬಿಟ್ಟರೆ ಎರಡು ದಿನದಲ್ಲಿ ಚೈನ್ ಒಣಕಲು. ಅದೇ ಕಂಪನಿ ಚೈನಿಗೆಂದೇ ಬೇರೆ ಡಬ್ಬಿ ಮಾರುತ್ತದೆ ಅನ್ನುವುದೇ ಇದಕ್ಕೆ ಸಾಕ್ಷಿ.

ಉಳಿದದ್ದು ಎರಡು. ತೊಂಬತ್ತರ ಗೇರ್ ಆಯಿಲ್, ಮತ್ತು ಚೈನಿಗೆಂದೇ ಮಾಡಿದ ಸ್ಪ್ರೇ.

ತೊಂಬತ್ತು ಅನ್ನುವುದು ಎಣ್ಣೆಯ ದಪ್ಪದ ಗುರುತು. ಡಬ್ಬಿಯ ಮೇಲೆ ಎಸ್‌ಎಇ 90 ಅಥವಾ 80ಡಬ್ಲ್ಯೂ-90 ಅಂತ ಇರುತ್ತದೆ. ಇಲ್ಲೊಂದು ಗೊಂದಲ ಇದೆ. ಎಂಜಿನ್ ಎಣ್ಣೆ ನಲವತ್ತು, ಇದು ತೊಂಬತ್ತು, ಹಾಗಾದರೆ ಎರಡು ಪಟ್ಟು ದಪ್ಪ ಅಂತ ನಾನು ತಿಳಿದಿದ್ದೆ. ಅಳತೆಗೋಲೇ ಬೇರೆಯಂತೆ, ಗೇರ್ ಎಣ್ಣೆಯ 90 ಅಂದರೆ ಎಂಜಿನ್ ಎಣ್ಣೆಯ 40, 50ರ ಆಸುಪಾಸಿನ ದಪ್ಪವೇ. ಅಂದರೆ ಸಂದಿಗೆ ಇಳಿಯುವಷ್ಟು ತೆಳು, ಸ್ವಲ್ಪ ಹೊತ್ತು ನಿಲ್ಲುವಷ್ಟು ಜಿಗಟು. ಒತ್ತಡ ತಡೆಯಲು ಗಂಧಕದ ಅಂಶ ಸೇರಿಸಿರುವುದರಿಂದ ಒಂದು ಥರ ಕೆಟ್ಟ ವಾಸನೆ. ಆ ವಾಸನೆ ಬಂದರೆ ಸರಿಯಾದ ಡಬ್ಬಿ ಅಂತಲೇ ನಾನು ಗುರುತು ಇಟ್ಟುಕೊಂಡಿದ್ದೇನೆ. ಸರ್ವೋ, ಕ್ಯಾಸ್ಟ್ರಾಲ್, ಗಲ್ಫ್ ಯಾವುದಾದರೂ ಆದೀತು. ಬೈಕಿನ ಜೊತೆ ಕೊಡುವ ಪುಸ್ತಕದಲ್ಲಿ ಹಲವು ಕಂಪನಿಗಳು ಇದನ್ನೇ ಹೇಳಿರುತ್ತವೆ, ನಾವು ಆ ಪುಸ್ತಕವನ್ನು ಸೀಟಿನ ಕೆಳಗೆ ಇಲಿಗೆ ಬಿಟ್ಟಿರುತ್ತೇವೆ. ಸಾದಾ ಚೈನಿಗೂ ಸರಿ, ಓ-ರಿಂಗ್ ಚೈನಿಗೂ ಸರಿ. ಒಂದು ಲೀಟರಿನ ಡಬ್ಬಿ ನಮಗೆ ವರ್ಷ ದಾಟಿ ಬರುತ್ತದೆ. ಇದರ ಒಂದೇ ದೋಷ, ಹೆಚ್ಚಾದರೆ ಸಿಡಿಯುತ್ತದೆ, ಒರೆಸಲೇಬೇಕು.

ಸ್ಪ್ರೇಯಲ್ಲಿ ಎಣ್ಣೆಯ ಜೊತೆ ಆರಿಹೋಗುವ ದ್ರಾವಕ ಇರುತ್ತದೆ. ಹೊಡೆದಾಗ ನೀರಿನಂತೆ ಸಂದಿಗೆ ಇಳಿದು, ದ್ರಾವಕ ಆರಿದ ಮೇಲೆ ಅಂಟಿನ ಪೊರೆ ಉಳಿಯುತ್ತದೆ. ಸಿಡಿಯುವುದು ಕಡಿಮೆ, ಕೈ ಕೊಳೆಯಾಗುವುದೂ ಕಡಿಮೆ. ಆದರೆ ಬೆಲೆ ಜಾಸ್ತಿ, ಡಬ್ಬಿ ಬೇಗ ಮುಗಿಯುತ್ತದೆ. ಓ-ರಿಂಗ್ ಚೈನಿದ್ದರೆ ಡಬ್ಬಿಯ ಮೇಲೆ ಓ-ರಿಂಗಿಗೆ ಆಗುತ್ತದೆ ಅಂತ ಬರೆದದ್ದನ್ನೇ ಕೊಳ್ಳಿ. ತಪ್ಪು ಮಾಡುವುದು ಎಲ್ಲಿ ಅಂದರೆ, ಹುಡುಗರು ಹೊರಡುವ ಮುಂಚೆ ಹೊಡೆದು ಕೂಡಲೇ ಹೊರಡುತ್ತಾರೆ. ದ್ರಾವಕ ಆರಿರುವುದಿಲ್ಲ, ಅರ್ಧ ಎಣ್ಣೆ ಚಕ್ರದ ರಿಮ್ಮಿಗೆ. ಸಂಜೆ ಮನೆಗೆ ಬಂದು, ಚೈನ್ ಇನ್ನೂ ಬೆಚ್ಚಗಿರುವಾಗ ಹೊಡೆದು, ರಾತ್ರಿಯಿಡೀ ಬಿಡಬೇಕು. ಮೇಣದ ಸ್ಪ್ರೇ ಅಂತಲೂ ಬರುತ್ತದೆ, ಅದಕ್ಕೆ ಧೂಳು ಅಷ್ಟು ಹಿಡಿಯದು. ಮಳೆಗಾಲದಲ್ಲಿ ಬೇಗ ತೊಳೆದುಹೋಗುತ್ತದೆ ಅನ್ನುವುದು ನನ್ನ ಅನುಭವ.

ನಾನು ಏನು ಬಳಸುತ್ತೇನೆ ಅಂದರೆ, ತೊಂಬತ್ತರ ಎಣ್ಣೆ. ಸ್ಪ್ರೇ ಒಂದು ಡಬ್ಬಿ ಮಗಳ ದೂರ ಪ್ರಯಾಣಕ್ಕೆ ಮಾತ್ರ. ಇದರಲ್ಲಿ ನನ್ನ ಮಗನಿಗೂ ನನಗೂ ಇವತ್ತಿಗೂ ಜಗಳ. ಅವನು ಸ್ಪ್ರೇ ಪಕ್ಷ. ಎರಡರಲ್ಲಿ ಯಾವುದಾದರೂ ಹೊತ್ತಿಗೆ ಸರಿಯಾಗಿ ಹಾಕಿದರೆ ಚೈನಿಗೆ ತಕರಾರಿಲ್ಲ. ಎಷ್ಟು ಹೊತ್ತಿಗೆ? ಸುಮಾರು 500 ಕಿ.ಮೀ.ಗೊಮ್ಮೆ. ಮಗಳ ಲೆಕ್ಕದಲ್ಲಿ ಹತ್ತು ಕೆಲಸದ ದಿನ, ಅಂದರೆ ಎರಡು ವಾರಕ್ಕೊಂದು ಶನಿವಾರ. ಮಳೆಯಲ್ಲಿ ನೆನೆದರೆ ಅವತ್ತೇ. 2020ರ ಅಕ್ಟೋಬರ್ 13ರ ರಾತ್ರಿಯ ಮಳೆ ನಿಮಗೆಲ್ಲ ನೆನಪಿದೆ. ನಮ್ಮ ಸೆಲ್ಲಾರಿನಲ್ಲಿ ನೀರು ನಿಂತು ಬೈಕ್ ಎರಡು ದಿನ ಅರ್ಧ ಮುಳುಗಿತ್ತು. ಎಂಜಿನ್ನಿನ ಚಿಂತೆಯಲ್ಲಿ ಚೈನನ್ನು ಮರೆತೆವು. ನಾಲ್ಕು ದಿನ ಬಿಟ್ಟು ನೋಡಿದರೆ ಕುಂಕುಮದ ಬಣ್ಣ, ಅರ್ಧ ಕೊಂಡಿಗಳು ಮಡಚುತ್ತಲೇ ಇಲ್ಲ. ಆ ಚೈನನ್ನು ಯಾವ ಎಣ್ಣೆಯೂ ಉಳಿಸಲಿಲ್ಲ; ಚೈನ್, ಎರಡು ಹಲ್ಲುಚಕ್ರ, ಮೂರನ್ನೂ ಬದಲಿಸಿದೆವು. ಹೊಸ ಚೈನನ್ನು ಹಳೆಯ ಹಲ್ಲುಚಕ್ರದ ಮೇಲೆ ಹಾಕಬೇಡಿ, ಮೂರೂ ಒಟ್ಟಿಗೇ.

ಹಾಕುವ ರೀತಿ ಹೇಳುತ್ತೇನೆ. ಎಂಜಿನ್ ಬಂದ್. ಕೀಲಿ ತೆಗೆದು ಬೇರೆಯವರ ಕೈಗೆ ಸಿಗದ ಕಡೆ. ಗೇರ್ ನ್ಯೂಟ್ರಲ್. ನಡುವಿನ ಸ್ಟ್ಯಾಂಡ್ ಇದ್ದರೆ ಅದಕ್ಕೆ ಎತ್ತಿ. ಇಲ್ಲದಿದ್ದರೆ ಚಕ್ರ ಎತ್ತುವ ಪ್ಯಾಡಕ್ ಸ್ಟ್ಯಾಂಡ್ ಅಂತ ಸಿಗುತ್ತದೆ, ಅದೂ ಇಲ್ಲದಿದ್ದರೆ ಬೈಕನ್ನು ಒಂದೊಂದು ಅಡಿ ಮುಂದೆ ತಳ್ಳಿ ತಳ್ಳಿ ಮಾಡಬೇಕು. ಚಕ್ರವನ್ನು ಟೈರ್ ಹಿಡಿದು ಕೈಯಿಂದ ತಿರುಗಿಸಬೇಕು, ಚೈನ್ ಹಿಡಿದಲ್ಲ. ತಿರುಗಿಸುವ ಕೈ, ಒರೆಸುವ ಕೈ ಎರಡೂ ಒಟ್ಟಿಗೆ ಆಡಬಾರದು: ತಿರುಗಿಸಿ, ನಿಲ್ಲಿಸಿ, ಒರೆಸಿ, ಮತ್ತೆ ತಿರುಗಿಸಿ. ಕೈಯಿಂದ ತಿರುಗಿಸಿದರೂ ಹಲ್ಲುಚಕ್ರ ಬೆರಳು ಕಚ್ಚುತ್ತದೆ. ಹಲ್ಲುಚಕ್ರದ ಹತ್ತಿರ ಬಟ್ಟೆ ಬೇಡ, ಬ್ರಷ್ ಮಾತ್ರ. ಸೆರಗು, ದುಪಟ್ಟಾ ಸೊಂಟಕ್ಕೆ ಬಿಗಿದುಕೊಳ್ಳಿ. ಮಕ್ಕಳನ್ನು ದೂರ ಕಳಿಸಿ. ತಿರುಗುವ ಚಕ್ರ ಕಂಡರೆ ಅವು ಬಂದು ಕೈಯಿಡುತ್ತವೆ.

ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಸೀಮೆಎಣ್ಣೆ ಹಚ್ಚಿ ಕೊಳೆ ಬಿಡಿಸಿ, ಕೂಡಲೇ ಒಣಬಟ್ಟೆಯಿಂದ ಒರೆಸಿ. ರಾತ್ರಿಯಿಡೀ ನೆನೆಸಿಡುವುದು ಬೇಡ. ಈಗ ಸೀಮೆಎಣ್ಣೆ ಸಿಗುವುದು ಕಷ್ಟ, ಚೈನ್ ಕ್ಲೀನರ್ ಅಂತ ಡಬ್ಬಿ ಬರುತ್ತದೆ, ಅದೂ ಆದೀತು. ಒಣಗಿದ ಮೇಲೆ ಎಣ್ಣೆ. ಕೆಳಗಿನ ಸಾಲಿನ ಚೈನಿನ ಒಳಮೈಗೆ ಹಾಕಿ, ಹಲ್ಲು ಕಚ್ಚುವ ಮೈಗೆ. ಓಡುವಾಗ ಎಣ್ಣೆ ತಾನಾಗಿ ಹೊರಕ್ಕೆ ಸರಿಯುತ್ತದೆ. ಕೊಂಡಿಯ ಪಟ್ಟಿಗಳು ಒಂದರ ಮೇಲೊಂದು ಕೂತಿರುವ ಸಂದಿಗೆ ಒಂದೊಂದು ಹನಿ, ಎಡಸಾಲಿಗೆ ಒಂದು ಸುತ್ತು, ಬಲಸಾಲಿಗೆ ಒಂದು ಸುತ್ತು. ನಾನು ಗಾಯಕ್ಕೆ ಟಿಂಕ್ಚರ್ ಹಾಕುವ ಹಳೆಯ ಪ್ಲಾಸ್ಟಿಕ್ ಬಾಟಲಿ ಇಟ್ಟುಕೊಂಡಿದ್ದೇನೆ. ಅರ್ಧ ಗಂಟೆ ಬಿಟ್ಟು ಹೊರಮೈಯನ್ನು ಪೂರ್ತಿ ಒರೆಸಿಬಿಡಿ. ಒರೆಸಿದರೆ ಎಣ್ಣೆ ಹೋಯಿತಲ್ಲ ಅನ್ನಬೇಡಿ, ಒಳಗೆ ಇಳಿದದ್ದು ಉಳಿದಿರುತ್ತದೆ. ಹೊರಗೆ ಉಳಿದದ್ದು ಧೂಳಿಗೆ ಮತ್ತು ನಮ್ಮ ಸೀರೆಗೆ.

ಇದೆಲ್ಲ ಹೆಂಗಸರಿಗೆ ಯಾಕೆ ಅಂತ ಒಬ್ಬರು ಫೋನಿನಲ್ಲೇ ಕೇಳಿದ್ದರು. 2018ರಲ್ಲಿ ಇದೇ ಹೈದರಾಬಾದಿನಿಂದ ಜೈ ಭಾರತಿ ಮತ್ತು ಇನ್ನು ಮೂವರು ಹೆಣ್ಣುಮಕ್ಕಳು ಬೈಕಿನಲ್ಲಿ ಹೊರಟು ಆಗ್ನೇಯ ಏಷ್ಯಾದ ದೇಶಗಳನ್ನು ಸುತ್ತಿ ಸುಮಾರು 17,000 ಕಿ.ಮೀ. ಓಡಿಸಿ ಬಂದರು. ಅವರಲ್ಲೊಬ್ಬರಾದ ಪಿಯಾ ಬಹಾದುರ್ 'ರೋಡ್ ಟು ಮೆಕಾಂಗ್' ಅಂತ ಪುಸ್ತಕ ಬರೆದಿದ್ದಾರೆ. 500ಕ್ಕೊಮ್ಮೆ ಅಂತ ಲೆಕ್ಕ ಹಾಕಿದರೆ ಅಷ್ಟು ದೂರದಲ್ಲಿ ಮೂವತ್ತನಾಲ್ಕು ಸಲ ಚೈನಿಗೆ ಎಣ್ಣೆಯಾಗಬೇಕು. ನಮ್ಮದು ಎರಡು ವಾರಕ್ಕೊಮ್ಮೆ.

ಮಾತು ಮುಗಿದ ಮೇಲೆ ಕೇಳಿದ ಎರಡು ಪ್ರಶ್ನೆಗಳನ್ನೂ ಇಲ್ಲೇ ಸೇರಿಸುತ್ತೇನೆ. ಮುಚ್ಚಿದ ಕವರ್ ಇರುವ ಬೈಕಿಗೆ ಎಣ್ಣೆ ಬೇಡವೇ ಅಂತ ಒಬ್ಬರು ಕೇಳಿದರು. ಬೇಕು. ಕವರಿನಲ್ಲಿ ಒಂದು ಸಣ್ಣ ರಬ್ಬರ್ ಮುಚ್ಚಳ ಇರುತ್ತದೆ, ಅದನ್ನು ತೆಗೆದು ಸಡಿಲ ನೋಡಬಹುದು, ಹನಿ ಎಣ್ಣೆಯನ್ನೂ ಬಿಡಬಹುದು. ಸರ್ವೀಸಿಗೆ ಕೊಟ್ಟಾಗ ಕವರ್ ಬಿಚ್ಚಿ ಚೈನ್ ತೊಳೆಯಿರಿ ಅಂತ ಬಾಯಿಬಿಟ್ಟು ಹೇಳಬೇಕು. ಚೈನ್ ಬದಲಿಸುವ ಕಾಲ ಬಂತು ಅಂತ ಗೊತ್ತಾಗುವುದು ಹೇಗೆ ಅನ್ನುವುದು ಇನ್ನೊಂದು ಪ್ರಶ್ನೆ. ಹಿಂದಿನ ಹಲ್ಲುಚಕ್ರದ ತೀರಾ ಹಿಂಬದಿಯಲ್ಲಿ, ಗಾಡಿ ನಿಂತಿರುವಾಗ, ಚೈನನ್ನು ಎರಡು ಬೆರಳಲ್ಲಿ ಹಿಡಿದು ಹಿಂದಕ್ಕೆ ಎಳೆಯಿರಿ. ಹಲ್ಲು ಅರ್ಧ ಹೊರಗೆ ಕಂಡರೆ ಅದರ ಆಯುಸ್ಸು ಮುಗಿದಿದೆ.

ಮಗಳ ಬೈಕನ್ನು ಹೊರಗೆ ನಿಲ್ಲಿಸಿದ್ದೇನೆ, ಹಳೆಯ ಬ್ರಷ್ಷು, ಎಣ್ಣೆ, ಬನಿಯನ್ ಚೂರು ಎಲ್ಲ ತಂದಿದ್ದೇನೆ. ಚಹಾ ಕುಡಿದು ಬನ್ನಿ. ಕೀಲಿ ನನ್ನ ಪರ್ಸಿನಲ್ಲಿದೆ.